ಬರಿಗಾಲ ಓಟವೂ ಅಂಗಾಲಿನ ಹದವೂ

ಮನುಷ್ಯನು ತನ್ನ ಮುಖಕ್ಕೆ ಕೊಡುವ ಗಮನದ ನೂರರಲ್ಲೊಂದು ಪಾಲನ್ನೂ ಪಾದಗಳಿಗೆ ಕೊಡುವುದಿಲ್ಲ. ದಿನಕ್ಕೆ ನಾಲ್ಕಾರು ಬಾರಿ ಕನ್ನಡಿಯ ಮುಂದೆ ನಿಲ್ಲುವವನು ತಿಂಗಳಿಗೊಮ್ಮೆಯಾದರೂ ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಂಡಾನೆಂಬ ಭರವಸೆಯಿಲ್ಲ. ಇಡೀ ದೇಹದ ಭಾರವನ್ನು ಹೊತ್ತು ತಿರುಗುವ ಈ ಅವಯವದ ನೆನಪಾಗುವುದು ಅದು ನೋಯಲಾರಂಭಿಸಿದ ಮೇಲೆಯೇ. ಪಾದರಕ್ಷೆಯನ್ನು ತೊರೆದು ಓಡುವ ಹವ್ಯಾಸವು ನಗರವಾಸಿಗಳಲ್ಲಿಯೂ ಕಾಣಿಸಿಕೊಂಡಿರುವ ಈ ದಿನಗಳಲ್ಲಿ ಇಂತಹ ಅಲಕ್ಷ್ಯವು ಸಣ್ಣ ದೋಷವೆನಿಸಲಾರದು.

ಹೈದರಾಬಾದಿನ ಕಾಸು ಬ್ರಹ್ಮಾನಂದ ರೆಡ್ಡಿ ಉದ್ಯಾನದ ಸುತ್ತಲಿನ ಹಾದಿಯಲ್ಲಾಗಲಿ, ಹುಸೇನ್ ಸಾಗರದ ದಂಡೆಯಲ್ಲಾಗಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ವಿಶಾಲವಾದ ಆವರಣದಲ್ಲಾಗಲಿ ಬೆಳಗಿನ ಜಾವ ಓಡುವವರಿಗೆ ಕೊರತೆಯಿಲ್ಲ. ಅವರಲ್ಲಿ ಬರಿಗಾಲಿನವರೂ ಆಗಾಗ ಕಾಣಸಿಗುತ್ತಾರೆ. ಅಮೆರಿಕದ ಲೇಖಕ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ 'ಬಾರ್ನ್ ಟು ರನ್' ಎಂಬ ಪುಸ್ತಕವು 2009 ರಲ್ಲಿ ಪ್ರಕಟವಾದ ಮೇಲೆ ಈ ಹವ್ಯಾಸವು ಲೋಕದಾದ್ಯಂತ ಬಲಗೊಂಡಿತು. ಮರುವರ್ಷವೇ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು, ಬರಿಗಾಲಿನಲ್ಲಿ ಓಡಿ ರೂಢಿಯಿರುವವರು ಬಹುಮಟ್ಟಿಗೆ ಹಿಮ್ಮಡಿಯನ್ನು ಅಪ್ಪಳಿಸದೆ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಹಾಗಾಗಿ ನೆಲದ ಆಘಾತವು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಈ ಮಾತು ಪಾದದ ನಡೆಗೆ ಸಂಬಂಧಿಸಿದ್ದು. ಪಾದದ ಚರ್ಮವು ಏನು ಬೆಲೆ ತೆರುತ್ತದೆ ಎಂಬ ಪ್ರಶ್ನೆ ಬೇರೆಯೇ ಉಳಿಯುತ್ತದೆ.

ಬರಿಗಾಲಿನ ಓಟವು ಈ ನಾಡಿಗೆ ಹೊಸದೇನೂ ಅಲ್ಲ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಪಾದರಕ್ಷೆಯಿಲ್ಲದೆ ಓಡಿದ ರೈತಮಕ್ಕಳ ವೇಗವನ್ನು ಕಂಡು ದೊರಾಬ್ಜಿ ಟಾಟಾ ಅವರು 1920 ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕಳುಹಿಸಲು ಮುಂದಾದರು. ಆ ತಂಡದಲ್ಲಿದ್ದ ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆ ಅವರು ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ದಕ್ಷಿಣ ಕನ್ನಡದ ಕಂಬಳದ ಗದ್ದೆಯಲ್ಲಿ ಕೋಣಗಳೊಡನೆ ಓಡುವವರು ಇಂದಿಗೂ ಬರಿಗಾಲಿನವರೇ. 2020 ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರ ಓಟವು ದೇಶವನ್ನೇ ಬೆರಗುಗೊಳಿಸಿತು. 1960 ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಿಂದ ಮ್ಯಾರಥಾನ್ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲರ ಹೆಸರನ್ನಂತೂ ಬರಿಗಾಲ ಓಟಗಾರರೆಲ್ಲರೂ ಹೇಳುತ್ತಾರೆ. ಆದರೆ ಅದೇ ಬಿಕಿಲ 1964 ರಲ್ಲಿ ಟೋಕಿಯೋದಲ್ಲಿ ಪಾದರಕ್ಷೆ ಧರಿಸಿ ಮತ್ತೊಮ್ಮೆ ಗೆದ್ದರೆಂಬುದನ್ನು ಹೇಳುವವರು ವಿರಳ. ಬರಿಗಾಲು ಅವರಿಗೆ ವ್ರತವಾಗಿರಲಿಲ್ಲ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ಪರಿಶೀಲಿಸಬೇಕು. ಅಂಗಾಲು ಎಷ್ಟು ದಪ್ಪವಾಗಿ ಜಡ್ಡುಗಟ್ಟಿದರೆ ಅಷ್ಟು ಒಳ್ಳೆಯದು, ಬಿರುಕುಗಳು ಸಾಧನೆಯ ಪದಕಗಳು ಎಂದು ಹಲವರು ಭಾವಿಸಿದಂತೆ ತೋರುತ್ತದೆ. ವಾಸ್ತವವು ಹೀಗಿಲ್ಲ. ಒರಟು ನೆಲಕ್ಕೆ ಒಗ್ಗಿದ ಅಂಗಾಲು ದಪ್ಪವಾಗುವುದು ನಿಜ, ಅದು ರಕ್ಷಣೆಯೂ ಹೌದು. ಕೀನ್ಯಾದಲ್ಲಿ ಬರಿಗಾಲಿನಲ್ಲಿ ನಡೆದು ಬೆಳೆದವರನ್ನು ಪರೀಕ್ಷಿಸಿದ ವಿಜ್ಞಾನಿಗಳು, ದಪ್ಪವಾದ ಜಡ್ಡು ಇದ್ದರೂ ಅವರ ಅಂಗಾಲಿನ ಸ್ಪರ್ಶಜ್ಞಾನವು ಕುಂದಿರಲಿಲ್ಲವೆಂದು 2019 ರಲ್ಲಿ ವರದಿ ಮಾಡಿದರು. ಆದರೆ ದಪ್ಪವಾಗುವುದು ಬೇರೆ, ಒಣಗಿ ಬಿರಿಯುವುದು ಬೇರೆ. ಹದ ಮಾಡಿದ ತೊಗಲು ಬಾಗುತ್ತದೆ. ಬಿಸಿಲಿಗೆ ಬಿದ್ದ ಹಸಿ ತೊಗಲು ಸೆಟೆದು ಒಡೆಯುತ್ತದೆ. ಅಂಗಾಲಿಗೆ ಬೇಕಾದುದು ಕೇವಲ ಗಡಸುತನವಲ್ಲ, ಹದ.

ಬಿರುಕು ಹೇಗೆ ಉಂಟಾಗುತ್ತದೆಂಬುದನ್ನು ಅರಿತರೆ ಚಿಕಿತ್ಸೆಯೂ ತಾನಾಗಿ ತಿಳಿಯುತ್ತದೆ. ದೇಹದ ಉಳಿದೆಡೆಯ ಚರ್ಮದಲ್ಲಿರುವ ಎಣ್ಣೆಯ ಗ್ರಂಥಿಗಳು ಅಂಗಾಲಿನಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುವು ಬೆವರಿನ ಗ್ರಂಥಿಗಳು ಮಾತ್ರ. ಆದುದರಿಂದ ಹೊರಗಿನ ಗಾಳಿಯು ಒಣಗಿದೊಡನೆ ಅಂಗಾಲಿನ ಮೇಲ್ಪದರವು ನೀರನ್ನು ಕಳೆದುಕೊಂಡು ಬಿಗಿಯಾಗುತ್ತದೆ. ಹಿಮ್ಮಡಿಯ ಒಳಗಿರುವ ಕೊಬ್ಬಿನ ಮೆತ್ತೆಯು ಪ್ರತಿ ಹೆಜ್ಜೆಗೂ ಭಾರಕ್ಕೆ ಸಿಕ್ಕು ಹೊರಕ್ಕೆ ಹರಡುತ್ತದೆ. ಸುತ್ತಲಿನ ಚರ್ಮವು ಹಿಗ್ಗಬಲ್ಲುದಾದರೆ ತೊಂದರೆಯಿಲ್ಲ, ಹಿಗ್ಗದಿದ್ದರೆ ಸೀಳುತ್ತದೆ. ಕಲಬುರಗಿ, ರಾಯಚೂರುಗಳ ಎರೆಹೊಲವನ್ನು ಬೇಸಿಗೆಯಲ್ಲಿ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೇಹದ ತೂಕ, ಬಹಳ ಹೊತ್ತು ನಿಲ್ಲುವ ಕೆಲಸ, ಗಡಸು ನೀರು, ತೀಕ್ಷ್ಣವಾದ ಸಾಬೂನು ಇವು ಬಿರುಕನ್ನು ಹೆಚ್ಚಿಸುತ್ತವೆ. ಮಧುಮೇಹ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಸೋರಿಯಾಸಿಸ್ ಮತ್ತು ಶಿಲೀಂಧ್ರದ ಸೋಂಕು ಸಹ ಇದೇ ರೂಪದಲ್ಲಿ ಪ್ರಕಟವಾಗಬಹುದು.

ಹೈದರಾಬಾದಿನ ನೆಲವೂ ಹವೆಯೂ ಈ ತೊಂದರೆಗೆ ಅನುಕೂಲವಾಗಿಯೇ ಇವೆ. ಕಣಶಿಲೆಯ ಬಂಡೆಗಳ ಮೇಲೆ ನಿಂತ ಈ ಊರಿನ ಗರಸು ಮಣ್ಣು ಕಾಲಿಗೆ ಉಜ್ಜುಕಾಗದದಂತೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಗಾಳಿಯು ಒಣಗಾಳಿ. ಅಯ್ಯಪ್ಪ ದೀಕ್ಷೆ ಹಿಡಿದು 41 ದಿನ ಬರಿಗಾಲಿನಲ್ಲಿ ನಡೆಯುವವರ ಮಂಡಲಕಾಲವು ಬರುವುದೂ ಇದೇ ಋತುವಿನಲ್ಲಿ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಿಗೆ ಮಾರ್ಚಿನ ಕಾದ ರಸ್ತೆಯೇ ಗತಿ. ಓಟಗಾರನಿಗೂ ಯಾತ್ರಿಕನಿಗೂ ಉದ್ದೇಶ ಬೇರೆಯಾದರೂ ಅಂಗಾಲಿನ ಕಷ್ಟ ಒಂದೇ.

ಹಿಂದಿನವರು ಇದನ್ನು ಅರಿಯದವರಲ್ಲ. ಸುಶ್ರುತ ಸಂಹಿತೆಯು 'ಪಾದದಾರಿ' ಎಂಬ ಹೆಸರಿನಿಂದ ಈ ವ್ಯಾಧಿಯನ್ನು ಗುರುತಿಸಿ, ಅತಿಯಾಗಿ ತಿರುಗಾಡುವವನ ಒಣಗಿದ ಪಾದಗಳಲ್ಲಿ ಅದು ಕಾಣಿಸುತ್ತದೆಂದು ತಿಳಿಸಿದೆ. ಜೇನುಮೇಣ, ತುಪ್ಪ ಮೊದಲಾದ ಜಿಡ್ಡಿನ ಪದಾರ್ಥಗಳ ಲೇಪವನ್ನೂ ವಿಧಿಸಿದೆ. ಇಂದಿನ ಚರ್ಮವೈದ್ಯರು ಕೊಡುವ ಸಲಹೆಯೂ ಮೂಲದಲ್ಲಿ ಇದೇ: ನೀರನ್ನು ಕೊಡು, ಕೊಟ್ಟ ನೀರನ್ನು ಹಿಡಿದಿಡು.

ಕ್ರಮವು ಸುಲಭವಾದುದು. ರಾತ್ರಿ ಮಲಗುವ ಮುನ್ನ ಪಾದಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಇರಿಸಬೇಕು. ಅನಂತರ ಪ್ಯೂಮಿಸ್ ಕಲ್ಲಿನಿಂದ ಜಡ್ಡಿನ ಅಂಚನ್ನು ಮೃದುವಾಗಿ ಉಜ್ಜಿ ಸಮ ಮಾಡಬೇಕು. ಜಡ್ಡನ್ನು ಪೂರ್ತಿಯಾಗಿ ತೆಗೆದುಹಾಕುವುದು ಗುರಿಯಲ್ಲ, ಏಕೆಂದರೆ ಬರಿಗಾಲ ಓಟಗಾರನಿಗೆ ಅದೇ ರಕ್ಷೆ. ಬೆರಳ ಸಂದುಗಳನ್ನು ಚೆನ್ನಾಗಿ ಒರಸಿ, ಹಿಮ್ಮಡಿಯಲ್ಲಿ ಇನ್ನೂ ತೇವವಿರುವಾಗಲೇ ವ್ಯಾಸಲೀನಿನಂತಹ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಿ ಹತ್ತಿಯ ಕಾಲುಚೀಲ ಧರಿಸಬೇಕು. ಜೆಲ್ಲಿಯು ತಾನು ನೀರನ್ನು ಕೊಡುವುದಿಲ್ಲ, ಇರುವ ನೀರು ಆರದಂತೆ ತಡೆಯುತ್ತದೆ. ಒಣಕಾಲಿಗೆ ಹಚ್ಚಿದರೆ ಫಲವು ಅರ್ಧವೇ. ಜಡ್ಡು ಬಹಳ ದಪ್ಪವಾಗಿದ್ದರೆ ಶೇಕಡಾ 10 ರಿಂದ 25 ರಷ್ಟು ಯೂರಿಯಾ ಇರುವ ಲೇಪವು ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಹೊಲಕ್ಕೆ ಹಾಕುವ ಯೂರಿಯಾವನ್ನು ಇದಕ್ಕೆ ಬದಲಾಗಿ ಬಳಸಲಾಗದೆಂದು ಬೇರೆ ಹೇಳಬೇಕಾಗಿಲ್ಲ. ಬಾಯಿ ತೆರೆದ ಬಿರುಕಿನ ಮೇಲೆ ಯೂರಿಯಾ ಲೇಪವು ಉರಿಯುತ್ತದೆ. ಅಲ್ಲಿ ಜೆಲ್ಲಿಯೇ ಮೇಲು. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳೂ ಸೀಳದ ಚರ್ಮಕ್ಕೆ ಒಳ್ಳೆಯವೇ. ಎಲ್ಲವನ್ನೂ ರಾತ್ರಿ ಹಚ್ಚಬೇಕೇ ಹೊರತು ಓಟಕ್ಕೆ ಹೊರಡುವ ಮುನ್ನ ಅಲ್ಲ. ಜಿಡ್ಡಿನ ಕಾಲು ಜಾರುತ್ತದೆ, ಧೂಳನ್ನೂ ಹಿಡಿಯುತ್ತದೆ.

ಮಾಡಬಾರದ ಕೆಲಸಗಳೂ ಕೆಲವಿವೆ. ಕ್ಷೌರದ ಬ್ಲೇಡಿನಿಂದ ಜಡ್ಡನ್ನು ಕೆತ್ತುವುದು ಮನೆಮನೆಯ ಅಭ್ಯಾಸ. ಅದರಿಂದಲೇ ಸಣ್ಣ ಬಿರುಕು ದೊಡ್ಡ ಗಾಯವಾಗುವುದುಂಟು. ಬಿರುಕು ಆಳವಾಗಿ ರಕ್ತ ಒಸರತೊಡಗಿದರೆ ಸಾಬೂನಿನ ನೀರಿನಿಂದ ತೊಳೆದು, ಶುದ್ಧವಾದ ಪಟ್ಟಿ ಕಟ್ಟಿ, ಓಟವನ್ನು ನಿಲ್ಲಿಸಬೇಕು. ಅದರ ಮೇಲೆಯೇ ಓಡುವುದು ಶೌರ್ಯವಲ್ಲ. ಧನುರ್ವಾಯುವಿನ ಲಸಿಕೆಯ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಬೇಕು. ಎರಡು ವಾರಗಳಲ್ಲಿ ಕೂಡದ ಬಿರುಕನ್ನು, ಕೆಂಪೇರಿ ಊದಿದ ಅಥವಾ ಕೀವು ಕಂಡ ಪಾದವನ್ನು ವೈದ್ಯರಿಗೆ ತೋರಿಸದೆ ವಿಧಿಯಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇನ್ನು ಓಟದ ವಿಚಾರ. ಚರ್ಮವು ಹೊಸ ನೆಲಕ್ಕೆ ಒಗ್ಗಲು ವಾರಗಳಲ್ಲ, ತಿಂಗಳುಗಳೇ ಬೇಕಾಗುತ್ತವೆ. ಬಡ್ಡಿಯು ಬೆಳೆಯುವಂತೆ ಅದೂ ನಿಧಾನವಾಗಿಯೇ ಬೆಳೆಯತಕ್ಕದ್ದು. ಮೊದಲು ಹತ್ತು ನಿಮಿಷದ ನಡಿಗೆ, ಅನಂತರ ಅಷ್ಟೇ ಹೊತ್ತಿನ ಓಟ, ನಡುವೆ ವಿಶ್ರಾಂತಿಯ ದಿನ ಎಂಬ ಕ್ರಮ ಒಳ್ಳೆಯದು. ಪಾದವನ್ನು ಎತ್ತಿ ಹಗುರವಾಗಿ ಇಡಬೇಕು. ಎಳೆದರೆ, ತಿರುಚಿದರೆ ಚರ್ಮ ಸುಲಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲೇರಿದ ಮೇಲೆ ಡಾಂಬರು ರಸ್ತೆಯಲ್ಲಿ ಬರಿಗಾಲಿಡುವುದು ಸುಟ್ಟಗಾಯವನ್ನು ಆಹ್ವಾನಿಸಿದಂತೆ. ಮಳೆಗಾಲದಲ್ಲಿ ಅಪಾಯದ ರೂಪವು ಬದಲಾಗುತ್ತದೆ. ಈ ನಗರದ ವಾರ್ಷಿಕ ಮ್ಯಾರಥಾನ್ ನಡೆಯುವುದು ಆಗಸ್ಟಿನಲ್ಲಿ. ನೆನೆದ ಚರ್ಮವು ಮೆತ್ತಗಾಗಿ ಬೊಬ್ಬೆಯೇಳುತ್ತದೆ, ಬೆರಳ ಸಂದುಗಳಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಒಡೆದ ಕಾಲಿನಲ್ಲಿ ಚರಂಡಿಯ ನೀರು ಬೆರೆತ ರಸ್ತೆಯನ್ನು ದಾಟಿದರೆ ಇಲಿಜ್ವರದ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಅಂತಹ ದಿನ ಪಾದರಕ್ಷೆ ಧರಿಸುವವನು ತತ್ತ್ವಭ್ರಷ್ಟನೇನೂ ಆಗುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಮಧುಮೇಹಿಗಳಿಗೆ ಸಲ್ಲಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯು 2023 ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿ ಎಂದು ಅಂದಾಜು ಮಾಡಿತು. ಈ ರೋಗವು ಹಳೆಯದಾದಂತೆ ಪಾದದ ನರಗಳು ಜಡವಾಗುತ್ತವೆ, ಬೆವರು ಕಡಿಮೆಯಾಗಿ ಚರ್ಮ ಒಣಗುತ್ತದೆ, ರಕ್ತಸಂಚಾರವೂ ಕುಗ್ಗಬಹುದು. ಹೀಗೆ ಬಿರುಕು ಹೆಚ್ಚಾಗುವುದೂ, ಬಿರುಕಿನ ನೋವು ತಿಳಿಯದಿರುವುದೂ, ಗಾಯ ಮಾಯದಿರುವುದೂ ಒಂದೇ ಪಾದದಲ್ಲಿ ಸೇರುತ್ತವೆ. ಹಿಮ್ಮಡಿಯ ಬಿರುಕಿನಿಂದ ಆರಂಭವಾದುದು ಕಾಲನ್ನೇ ಕತ್ತರಿಸುವಲ್ಲಿಗೆ ಮುಗಿಯುವ ಸಂಭವವಿದೆ. ನಲವತ್ತು ದಾಟಿದ ಮೇಲೆ ಆರೋಗ್ಯದ ಹಂಬಲದಿಂದ ಪಾದರಕ್ಷೆ ಕಳಚುವವರು ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ ಇದೆಯೆಂದು ತಿಳಿದವರು, 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶಜ್ಞಾನವನ್ನು ಅಳೆಯುವ ಸರಳ ಪರೀಕ್ಷೆಯನ್ನು ವೈದ್ಯರಿಂದ ಮಾಡಿಸಿಕೊಳ್ಳಬೇಕು. ನರದೌರ್ಬಲ್ಯ ಕಂಡವರಿಗೆ ಬರಿಗಾಲ ಓಟ ಸಲ್ಲದು. ಅವರಿಗೆ ಕಾಲು ನೆನೆಸುವುದೂ ಜಡ್ಡು ಕರಗಿಸುವ ಆಮ್ಲದ ಪಟ್ಟಿಗಳೂ ವರ್ಜ್ಯ. ಪ್ರತಿದಿನ ಪಾದವನ್ನು ನೋಡಿಕೊಂಡು ಬೆರಳ ಸಂದು ಬಿಟ್ಟು ಲೇಪ ಹಚ್ಚುವುದೇ ಸರಿಯಾದ ಮಾರ್ಗ.

ಕೊನೆಯದಾಗಿ, ಬರಿಗಾಲು ಎಲ್ಲರಿಗೂ ಹವ್ಯಾಸವಲ್ಲ ಎಂಬುದನ್ನು ಮರೆಯಬಾರದು. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಕೂಲಿಯನ್ನರಸಿ ಹೈದರಾಬಾದಿಗೆ ಬಂದು ಕಟ್ಟಡಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಎಷ್ಟೋ ಮಂದಿಯ ಕಾಲುಗಳು ಸಿಮೆಂಟಿನ ಕ್ಷಾರಕ್ಕೆ ಸಿಕ್ಕು ಸೀಳಿರುತ್ತವೆ. ಬೆಳಗಿನ ಓಟಗಾರನು ಒಂದು ಗಂಟೆಯ ಅನಂತರ ಮನೆಗೆ ಹೋಗಿ ಕಾಲು ತೊಳೆಯುತ್ತಾನೆ. ಅವರಿಗೆ ಸಂಜೆಯವರೆಗೂ ಆ ಬಿಡುವಿಲ್ಲ. ಬಿರುಕಿನ ನೋವನ್ನು ತಾನೇ ಬಯಸಿ ತಂದುಕೊಂಡು ತಿಳಿದವನಿಗೆ ಅದನ್ನು ಬಯಸದೆ ಅನುಭವಿಸುವವರ ವಿಷಯದಲ್ಲಿ ಹೊಣೆಯಿದೆ. ಕನ್ನಡ ಸಂಘಗಳು ರಾಜ್ಯೋತ್ಸವದ ಸಂದರ್ಭದಲ್ಲಿ ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಕಣ್ಣು ಮತ್ತು ರಕ್ತದೊತ್ತಡದ ಜೊತೆಗೆ ಪಾದಗಳ ತಪಾಸಣೆಯನ್ನೂ ಸೇರಿಸಬಹುದು. ಒಂದು ಡಬ್ಬಿ ಜೆಲ್ಲಿ, ಒಂದು ಜೊತೆ ಕಾಲುಚೀಲ, ಒಂದು ಜೊತೆ ಗಟ್ಟಿ ಚಪ್ಪಲಿ ಇವುಗಳ ವೆಚ್ಚವು ಒಂದು ಹಾರತುರಾಯಿಯ ವೆಚ್ಚಕ್ಕಿಂತ ಬಹಳವೇನೂ ಆಗದು. ನವೆಂಬರ್ ತಿಂಗಳೆಂದರೆ ಅಂಗಾಲು ಒಡೆಯಲಾರಂಭಿಸುವ ಕಾಲವೇ ಆದುದರಿಂದ ಈ ಕಾರ್ಯಕ್ಕೆ ಅದಕ್ಕಿಂತ ತಕ್ಕ ತಿಂಗಳು ಬೇರೊಂದಿಲ್ಲ.