ಕಾವು ಕೊಟ್ಟ ಥರ್ಮೋಕೋಲ್ ಪೆಟ್ಟಿಗೆ

"ತಾತಾ, ಕೋಳಿ ಮೊಟ್ಟೆಗೆ ಕೋಳಿ ಕಾವು ಕೂರುತ್ತೆ. ಹಾವಿನ ಮೊಟ್ಟೆಗೆ ಯಾರು?" ಎಂದು ಮೊಮ್ಮಗಳು ಕೇಳಿದಳು.

ಮಕ್ಕಳೇ, ಹೆಚ್ಚಿನ ಹಾವುಗಳು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಆಮೇಲೆ ಮಣ್ಣಿನ ಬಿಸಿ, ಮಣ್ಣಿನ ತೇವವೇ ತಾಯಿ. ಹೆಬ್ಬಾವು ಹಾಗಲ್ಲ, ಮೊಟ್ಟೆಗಳನ್ನು ಸುತ್ತಿಕೊಂಡು ಕೂರುತ್ತದೆ. ಚಳಿಯಾದರೆ ಮೈ ಅದುರಿಸಿ ಕಾವು ಕೊಡುತ್ತದೆ. ಆಗುಂಬೆ ಕಡೆಯ ಕಾಳಿಂಗ ಸರ್ಪವಂತೂ ತರಗೆಲೆ ಗುಡ್ಡೆಹಾಕಿ ಗೂಡನ್ನೇ ಕಟ್ಟುತ್ತದೆ.

ಮೇ ತಿಂಗಳಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಪಾಯಕ್ಕೆಂದು ಕಲ್ಲಿನ ರಾಶಿ ತೆಗೆದಾಗ ಕೇರೆ ಹಾವೊಂದು ಸರ್ರನೆ ಹೋಯಿತು. ಅಡಿಯಲ್ಲಿ 11 ಬಿಳಿ ಮೊಟ್ಟೆ. ಒಡೆದು ಹಾಕೋಣ ಎಂದವರೂ ಇದ್ದರು. ಮೇಸ್ತ್ರಿ ಒಪ್ಪದೆ ನಮ್ಮ ಬೀದಿಯ ಹಾವು ಹಿಡಿಯುವ ಹುಡುಗನನ್ನು ಕರೆಸಿದ. ಅವನು ಮೊದಲು ಫೋನು ಮಾಡಿದ್ದು ಅರಣ್ಯ ಇಲಾಖೆಗೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಾವಿನ ಮೊಟ್ಟೆ ಕೆದಕುವುದೂ 'ಬೇಟೆ' ಎಂದೇ ಲೆಕ್ಕ. ಅವರು ಒಪ್ಪಿದ ಮೇಲೆಯೇ ಮೊಟ್ಟೆಗೆ ಕೈ ಹಾಕಿದ್ದು.

ಕೈ ಹಾಕುವ ಮೊದಲು ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲಿನಲ್ಲಿ ಗುರುತು ಮಾಡಿದ. ಕೋಳಿ ತನ್ನ ಮೊಟ್ಟೆಯನ್ನು ಆಗಾಗ ಹೊರಳಿಸುತ್ತದೆ. ಹಾವಿನ ಮೊಟ್ಟೆಯನ್ನು ಹೊರಳಿಸಿದರೆ ಒಳಗೆ ಮೇಲ್ಭಾಗಕ್ಕೆ ಅಂಟಿಕೊಂಡ ಭ್ರೂಣ ಸಾಯಬಹುದು. ಒಂದಕ್ಕೊಂದು ಅಂಟಿದ್ದವನ್ನು ಬಿಡಿಸಲೂ ಇಲ್ಲ, ಗೊಂಚಲಾಗಿಯೇ ಎತ್ತಿದ.

ಪೆಟ್ಟಿಗೆ ಮಾಡಿದ್ದು ನಮ್ಮ ಜಗಲಿಯಲ್ಲೇ. ಮೀನು ತುಂಬಿ ಬರುವ ಥರ್ಮೋಕೋಲ್ ಪೆಟ್ಟಿಗೆಯನ್ನು ತೊಳೆದು, ನಾಲ್ಕು ಬೆರಳು ನೀರು ಹಾಕಿ, ಅಕ್ವೇರಿಯಂ ಹೀಟರ್ ಮುಳುಗಿಸಿದ. ನೀರಿನಲ್ಲಿ ಎರಡು ಇಟ್ಟಿಗೆ. ಇಟ್ಟಿಗೆಯ ಮೇಲೆ ಐಸ್‌ಕ್ರೀಮ್ ಡಬ್ಬಿ, ಅದರಲ್ಲಿ ಒದ್ದೆ ತೆಂಗಿನ ನಾರಿನ ಪುಡಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ. ಮೊಟ್ಟೆ ಅರ್ಧ ಹುದುಗುವಂತೆ ಇಟ್ಟ. ಡಬ್ಬಿಯ ಮೇಲೆ ಗಾಜನ್ನು ಓರೆಯಾಗಿ ಇಟ್ಟದ್ದು ನನಗೆ ಬಹಳ ಹಿಡಿಸಿತು. ಆವಿ ಹನಿಯಾದರೂ ಮೊಟ್ಟೆಯ ಮೇಲೆ ಬೀಳದೆ ಪಕ್ಕಕ್ಕೆ ಜಾರುತ್ತದೆ!

ಬಿಸಿ 28ರಿಂದ 30 ಡಿಗ್ರಿ. ಹೆಚ್ಚಾದರೆ ಮರಿ ಒಳಗೇ ಸಾಯಬಹುದು, ಇಲ್ಲವೇ ಬೆನ್ನು ಸೊಟ್ಟಗಾಗಿ ಹುಟ್ಟಬಹುದು. (ಕಡಲಾಮೆಯ ಲೆಕ್ಕ ಇನ್ನೂ ವಿಚಿತ್ರ: ಮರಳು ಬಿಸಿಯಾಗಿದ್ದರೆ ಹೆಣ್ಣುಮರಿ ಹೆಚ್ಚು, ತಂಪಾಗಿದ್ದರೆ ಗಂಡು. ಹಾವಿನಲ್ಲಿ ಹಾಗಿಲ್ಲ.) ಬೆಳಿಗ್ಗೆ, ಸಂಜೆ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ; ಲೆಡ್ಜರ್ ಬರೆದ ಕೈ ಸುಮ್ಮನಿರಲಾರದು. ಜೂನ್‌ನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಎಂಟು ಗಂಟೆ ಕರೆಂಟಿಲ್ಲ. ಪೆಟ್ಟಿಗೆಗೆ ಕಂಬಳಿ ಹೊದಿಸಿದೆವು. ಬೆಳಿಗ್ಗೆ ನೋಡಿದರೆ 26. ಸ್ವಲ್ಪ ತಣ್ಣಗಾದರೆ ಮರಿ ನಿಧಾನವಾಗಿ ಬೆಳೆಯುತ್ತದೆ, ಅಷ್ಟೇ ಎಂದು ಹುಡುಗ ಧೈರ್ಯ ಹೇಳಿದ. ನನ್ನ ಹೆಂಡತಿ ಮಾತ್ರ ದೇವರಿಗೊಂದು ದೀಪ ಹಚ್ಚಿದಳು.

ಎರಡು ಮೊಟ್ಟೆ ಬೂಸ್ಟು ಹಿಡಿದು ಕುಗ್ಗಿದವು. ಉಳಿದವು ನೀರು ಹೀರಿ ಉಬ್ಬಿದವು. ಎರಡು ತಿಂಗಳಾಗುವಷ್ಟರಲ್ಲಿ ಒಂದರ ತೊಗಲಿನಂಥ ಸಿಪ್ಪೆಯಲ್ಲಿ ಬ್ಲೇಡಿನಿಂದ ಗೀರಿದಂತೆ ಸೀಳು. ಮರಿಯ ಮೂತಿಯ ತುದಿಯಲ್ಲಿರುವ ಪುಟ್ಟ ಹಲ್ಲಿನ ಕೆಲಸ ಅದು. ಆಮೇಲೆ ಆ ಹಲ್ಲು ಉದುರುತ್ತದೆ. ಮರಿ ಮೂಗಷ್ಟೇ ಹೊರಗಿಟ್ಟು ಒಂದು ಹಗಲು, ಒಂದು ರಾತ್ರಿ ಅಲ್ಲೇ ಕೂತಿತು. ಆಗ ಎಳೆಯಬಾರದು. ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಸೇರಬೇಕು, ಅದೇ ಮೊದಲ ಬುತ್ತಿ.

ಒಂಬತ್ತೂ ಹೊರಬಂದವು. ಇಲಾಖೆಯವರು ಬಂದು ಎಣಿಸಿಕೊಂಡು, ಕೆರೆಯಂಚಿನ ಪೊದೆಯಲ್ಲಿ ಬಿಟ್ಟರು. ಇಲಿ ನುಂಗುವಷ್ಟು ದೊಡ್ಡವಾಗಲು ಇನ್ನೂ ಕಾಲವಿದೆ. ಸದ್ಯಕ್ಕೆ ಪುಟ್ಟ ಕಪ್ಪೆಗಳೇ ಊಟ.