ಹಳೆಯ ಆಟಗಳಿಗೆ ಹೊಸ ಪೆಟ್ಟಿಗೆ: ಆಯ್ಕೆ ಹೇಗೆ?

ವಿಡಿಯೋ ಆಟಗಳಿಗೂ ಈಗ ಒಂದು ಇತಿಹಾಸವುಂಟು. ಜಪಾನಿನ ನಿಂಟೆಂಡೊ ಸಂಸ್ಥೆಯು ಟೆಲಿವಿಷನ್ನಿಗೆ ಜೋಡಿಸಿ ಆಡುವ ‘ಫ್ಯಾಮಿಕಾಮ್’ ಯಂತ್ರವನ್ನು ೧೯೮೩ರಲ್ಲಿಯೂ, ಅಂಗೈಯಲ್ಲಿ ಹಿಡಿದು ಆಡುವ ‘ಗೇಮ್ ಬಾಯ್’ ಯಂತ್ರವನ್ನು ೧೯೮೯ರಲ್ಲಿಯೂ, ಅದರ ಮುಂದಿನ ಪೀಳಿಗೆಯಾದ ‘ಗೇಮ್ ಬಾಯ್ ಅಡ್ವಾನ್ಸ್’ ಯಂತ್ರವನ್ನು ೨೦೦೧ರಲ್ಲಿಯೂ ಹೊರತಂದಿತು. ಇವುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಆದರೆ ಅವುಗಳಿಗಾಗಿ ರಚಿತವಾದ ಆಟಗಳ ಮೇಲಿನ ಮೋಹ ಮಾತ್ರ ತಗ್ಗಿಲ್ಲ. ಆ ಯಂತ್ರಗಳ ಉಚ್ಛ್ರಾಯಕಾಲದಲ್ಲಿ ಇನ್ನೂ ಹುಟ್ಟಿರದಿದ್ದ ವಿದ್ಯಾರ್ಥಿಗಳೇ ಇಂದು ಆ ಆಟಗಳನ್ನು ಹುಡುಕಿ ಆಡುತ್ತಿದ್ದಾರೆ. ಈ ಬೇಡಿಕೆಯನ್ನು ಪೂರೈಸಲು ಹಳೆಯ ಯಂತ್ರಗಳಂತೆಯೇ ನಡೆದುಕೊಳ್ಳುವ ತದ್ರೂಪಿ ಯಂತ್ರಗಳು ಪೇಟೆಗೆ ಬಂದಿವೆ. ಅವುಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಿಡಿದು ಹತ್ತಾರು ಸಾವಿರ ರೂಪಾಯಿಗಳವರೆಗೂ ಹರಡಿಕೊಂಡಿದೆ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು?

ಮಾರುವವರು ಈ ಪ್ರಶ್ನೆಗೆ ಕೊಡುವ ಉತ್ತರ ಒಂದೇ: “ಇದರಲ್ಲಿ ಇಷ್ಟು ಆಟಗಳಿವೆ, ನೋಡಿ!” ಪೆಟ್ಟಿಗೆಯ ಮೇಲೆ ೪೦೦ ಎಂದೋ, ೧೦,೦೦೦ ಎಂದೋ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಕೊಳ್ಳುವವನು ಮೊದಲು ಕಡೆಗಣಿಸಬೇಕಾದದ್ದು ಆ ಸಂಖ್ಯೆಯನ್ನೇ. ತದ್ರೂಪಿಯ ಯೋಗ್ಯತೆ ಇರುವುದು ಮೂಲಕ್ಕೆ ಅದು ಎಷ್ಟು ನಿಷ್ಠವಾಗಿದೆ ಎಂಬುದರಲ್ಲಿ. ಆ ನಿಷ್ಠೆಯನ್ನು ಪ್ರೌಢಶಾಲೆಯ ಗಣಿತದಿಂದಲೇ ಬಹುಮಟ್ಟಿಗೆ ಅಳೆಯಬಹುದು.

ಸಂಖ್ಯೆಯ ಮಾಯೆ ಹೊಸದೇನಲ್ಲ. ೧೯೯೦ರ ದಶಕದಲ್ಲಿ ನಮ್ಮ ದೇಶದ ಮನೆಗಳಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುತ್ತಿದ್ದ ಅಗ್ಗದ ಯಂತ್ರಗಳಲ್ಲಿ ಬಹುಪಾಲು ಫ್ಯಾಮಿಕಾಮಿನ ತದ್ರೂಪಿಗಳೇ. ಅವುಗಳಿಗೆ ಸಿಕ್ಕಿಸುವ ಕೆಲವು ಕ್ಯಾಸೆಟ್ಟುಗಳ ಮೇಲೆ “೯೯೯೯೯೯೯ ಆಟಗಳು” ಎಂದು ಬರೆದಿರುತ್ತಿತ್ತು. ಒಂದೊಂದು ಆಟಕ್ಕೆ ಒಂದೇ ನಿಮಿಷ ಕೊಟ್ಟು ಹಗಲಿರುಳು ಬಿಡದೆ ಆಡಿದರೂ ಆ ಪಟ್ಟಿಯನ್ನು ಮುಗಿಸಲು ೧೯ ವರ್ಷಗಳು ಬೇಕು! ಫ್ಯಾಮಿಕಾಮಿನ ಚಿಕ್ಕ ಆಟಗಳಿಗೂ ಸಾಮಾನ್ಯವಾಗಿ ಸುಮಾರು ೨೪ ಕಿಲೋಬೈಟ್ ಸ್ಮೃತಿ ಬೇಕಾಗುತ್ತಿತ್ತು. ಈ ಲೆಕ್ಕದಲ್ಲಿ ಆ ಕ್ಯಾಸೆಟ್ಟಿನೊಳಗೆ ೨೪೦ ಗಿಗಾಬೈಟ್ ಇರಬೇಕಾಗಿತ್ತು. ಆ ಕಾಲದ ಯಾವ ಮನೆಯ ಗಣಕಯಂತ್ರದಲ್ಲಿಯೂ ಅಷ್ಟು ಸ್ಥಳವಿರಲಿಲ್ಲ. ಬೆರಳೆಣಿಕೆಯ ಆಟಗಳನ್ನೇ ಬೇರೆ ಬೇರೆ ಹೆಸರಿನಿಂದ, ಬೇರೆ ಬೇರೆ ಹಂತದಿಂದ ಪ್ರಾರಂಭವಾಗುವಂತೆ ಮಾಡಿ ಸಾವಿರಾರು ಸಲ ಪಟ್ಟಿಯಲ್ಲಿ ಬರೆಯುತ್ತಿದ್ದರು. ಇಂದಿನ ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಇದೇ ವಂಶದ ಕುಡಿಗಳು.

ತದ್ರೂಪಿ ಎಂದರೇನು? ಹಳೆಯ ಯಂತ್ರದಂತೆ ಹೊಸದನ್ನು ನಡೆಸಲು ಮೂರು ದಾರಿಗಳಿವೆ. ಮೊದಲನೆಯದು, ಫ್ಯಾಮಿಕಾಮಿನ ಭಾಗಗಳನ್ನೆಲ್ಲ ಒಂದೇ ಚಿಪ್ಪಿನೊಳಗೆ ಅಡಕಮಾಡುವುದು. ಇದು ಅತ್ಯಂತ ಅಗ್ಗ; ಕೆಲವು ನೂರು ರೂಪಾಯಿಗಳ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಆದರೆ ಇಂಥ ಕೆಲವು ಚಿಪ್ಪುಗಳಲ್ಲಿ ಧ್ವನಿತರಂಗದ ಆಕಾರವೇ ಅದಲುಬದಲಾಗಿ, ಪರಿಚಿತವಾದ ರಾಗ ಬೇರಾವುದೋ ಕಂಠದಿಂದ ಹೊರಟಂತೆ ಕೇಳುತ್ತದೆ. ಎರಡನೆಯದು ‘ಎಮ್ಯುಲೇಟರ್’ ಎಂಬ ಅನುಕರಣ ತಂತ್ರಾಂಶದ ದಾರಿ. ಹಳೆಯ ಯಂತ್ರಕ್ಕೆ ಬರೆದ ಆಜ್ಞೆಗಳನ್ನು ಅದು ಒಂದೊಂದಾಗಿ ಓದಿ, ಆ ಯಂತ್ರ ಮಾಡುತ್ತಿದ್ದುದನ್ನೇ ಹೊಸ ಸಂಸ್ಕಾರಕದಿಂದ ಮಾಡಿಸುತ್ತದೆ. ನಾಟಕದ ಸೂತ್ರಧಾರನಂತೆ ಒಬ್ಬನೇ ಎಲ್ಲ ಪಾತ್ರಗಳ ಮಾತನ್ನೂ ಸರದಿಯಂತೆ ಆಡಿ ತೋರಿಸುತ್ತದೆ. ಮಧ್ಯಮ ಬೆಲೆಯ ಯಂತ್ರಗಳು ಬಹುತೇಕ ಈ ವರ್ಗದವು. ಮೂರನೆಯದು ‘ಎಫ್.ಪಿ.ಜಿ.ಎ.’ ಎಂಬ ಚಿಪ್ಪು. ಇದರೊಳಗಿನ ತರ್ಕದ್ವಾರಗಳ ಜೋಡಣೆಯನ್ನು ನಮಗೆ ಬೇಕಾದಂತೆ ಮಾರ್ಪಡಿಸಬಹುದು. ಇಲ್ಲಿ ಪಾತ್ರಧಾರಿಗಳೆಲ್ಲ ಏಕಕಾಲದಲ್ಲಿ ರಂಗದ ಮೇಲಿರುತ್ತಾರೆ. ೨೦೨೧ರ ಡಿಸೆಂಬರಿನಲ್ಲಿ ಗ್ರಾಹಕರ ಕೈಸೇರಿದ ‘ಅನಲಾಗ್ ಪಾಕೆಟ್’ ಯಂತ್ರ ಈ ಬಗೆಯದು. ಇದು ಹೆಚ್ಚು ನಿಖರವಾಗಬಲ್ಲದು, ಆದರೆ ದುಬಾರಿ. ಚಿಪ್ಪಿನ ಜೋಡಣೆಯನ್ನು ಬರೆಯುವವರೂ ಮನುಷ್ಯರೇ ಆದ್ದರಿಂದ ಇಲ್ಲಿಯೂ ತಪ್ಪು ನುಸುಳಬಹುದು. ದಾರಿ ಯಾವುದೆಂಬುದಕ್ಕಿಂತ ಕೆಲಸ ಎಷ್ಟು ಶ್ರದ್ಧೆಯಿಂದ ನಡೆದಿದೆ ಎಂಬುದೇ ಮುಖ್ಯ.

ಇನ್ನು ನಿಷ್ಠೆಯ ಅಳತೆಗೆ ಬರೋಣ. ಮೊದಲನೆಯ ಅಳತೆಗೋಲು ತೆರೆ. ಗೇಮ್ ಬಾಯಿಯ ತೆರೆಯಲ್ಲಿ ಅಡ್ಡಕ್ಕೆ ೧೬೦, ಉದ್ದಕ್ಕೆ ೧೪೪ ಚಿತ್ರಬಿಂದುಗಳಿದ್ದವು. ಗೇಮ್ ಬಾಯ್ ಅಡ್ವಾನ್ಸಿನಲ್ಲಿ ೨೪೦ ಮತ್ತು ೧೬೦. ಕಲಾವಿದರು ಒಂದೊಂದು ಬಿಂದುವನ್ನೂ ರಂಗೋಲಿಯ ಚುಕ್ಕಿಯಂತೆ ಎಣಿಸಿ ಇಟ್ಟು ಆ ಚಿತ್ರಗಳನ್ನು ರಚಿಸಿದರು. ಈಗ ಪೇಟೆಯಲ್ಲಿ ಬಹಳವಾಗಿ ಕಾಣುವ ೬೪೦ × ೪೮೦ ಬಿಂದುಗಳ ತೆರೆಯಲ್ಲಿ ಗೇಮ್ ಬಾಯಿಯ ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೂ ತುಂಬಿಸಿದೆವೆನ್ನಿ. ೪೮೦ನ್ನು ೧೪೪ರಿಂದ ಭಾಗಿಸಿದರೆ ಸುಮಾರು ೩.೩೩. ಮೂರೂ ಚಿಲ್ಲರೆ ಬಿಂದು ಎಂಬ ವಸ್ತು ತೆರೆಯ ಮೇಲೆ ಇಲ್ಲವಷ್ಟೆ! ಆದ್ದರಿಂದ ಮೂಲದ ಕೆಲವು ಸಾಲುಗಳು ೩ ಬಿಂದುಗಳಷ್ಟು, ಕೆಲವು ೪ ಬಿಂದುಗಳಷ್ಟು ದಪ್ಪವಾಗುತ್ತವೆ. ಚಿತ್ರ ಚಲಿಸುವಾಗ ನೀರಿನಲ್ಲಿ ಬಿದ್ದ ನೆರಳಿನಂತೆ ಅಲುಗಾಡುತ್ತದೆ. ಇಲ್ಲವೆ ಅದನ್ನು ಮರೆಮಾಚಲು ಅಂಚುಗಳನ್ನು ಮಸುಕುಮಾಡಬೇಕಾಗುತ್ತದೆ.

ಪೂರ್ಣಾಂಕದಿಂದ ಗುಣಿಸಿದರೆ ಈ ತೊಡಕಿಲ್ಲ. ಅದೇ ತೆರೆಯಲ್ಲಿ ೩ ಪಟ್ಟು ಹಿಗ್ಗಿಸಿ, ೪೮೦ × ೪೩೨ ಬಿಂದುಗಳಲ್ಲಿ ತೋರಿಸಿದರೆ ಸುತ್ತ ಸ್ವಲ್ಪ ಕಪ್ಪು ಅಂಚು ಉಳಿಯುತ್ತದೆ, ಚಿತ್ರ ಮಾತ್ರ ಶುದ್ಧವಾಗಿರುತ್ತದೆ. ‘ಆನ್‌ಬರ್ನಿಕ್’ ಸಂಸ್ಥೆಯ ‘ಆರ್.ಜಿ. ೩೪ ಎಕ್ಸ್‌ಎಕ್ಸ್’ ಯಂತ್ರದ ತೆರೆ ೭೨೦ × ೪೮೦. ಇದು ಗೇಮ್ ಬಾಯ್ ಅಡ್ವಾನ್ಸಿನ ಸರಿಯಾಗಿ ೩ ಪಟ್ಟು. ಅನಲಾಗ್ ಪಾಕೆಟ್ಟಿನ ತೆರೆ ೧೬೦೦ × ೧೪೪೦. ಇದು ಗೇಮ್ ಬಾಯಿಯ ಸರಿಯಾಗಿ ೧೦ ಪಟ್ಟು. ಫ್ಯಾಮಿಕಾಮಿನ ಚಿತ್ರದಲ್ಲಿ ೨೪೦ ಸಾಲುಗಳಿದ್ದುದರಿಂದ ೪೮೦ ಸಾಲುಗಳ ತೆರೆಯ ಎತ್ತರಕ್ಕೆ ೨ ಪಟ್ಟು ತಾನಾಗಿ ಹೊಂದಿಕೊಳ್ಳುತ್ತದೆ. ಇದರಿಂದ ತಿಳಿಯುವುದೇನು? “ಯಾವ ಯಂತ್ರ ಒಳ್ಳೆಯದು?” ಎಂದು ಕೇಳುವುದಕ್ಕೆ ಮೊದಲು “ನಾನು ಯಾವ ಹಳೆಯ ಯಂತ್ರದ ಆಟಗಳನ್ನು ಆಡಬೇಕೆಂದಿದ್ದೇನೆ?” ಎಂದು ಕೇಳಿಕೊಳ್ಳಬೇಕು. ಎಲ್ಲಕ್ಕೂ ಸರಿಹೊಂದುವ ತೆರೆ ಸುಲಭವಾಗಿ ಸಿಕ್ಕುವುದಿಲ್ಲ.

ಎರಡನೆಯ ಅಳತೆಗೋಲು ಕಾಲ. ಈ ಯಂತ್ರಗಳು ಸೆಕೆಂಡಿಗೆ ಸುಮಾರು ೬೦ ಚಿತ್ರಗಳನ್ನು ತೋರಿಸುತ್ತಿದ್ದವು. ಗುಂಡಿ ಒತ್ತಿದ ಮೇಲೆ ಅದರ ಫಲ ತೆರೆಯ ಮೇಲೆ ಕಾಣಲು ತದ್ರೂಪಿಯಲ್ಲಿ ಮೂಲಕ್ಕಿಂತ ೬ ಚಿತ್ರಗಳಷ್ಟು ಹೆಚ್ಚು ತಡವಾಯಿತೆಂದುಕೊಳ್ಳಿ. ಅದು ಸೆಕೆಂಡಿನ ಹತ್ತನೆಯ ಒಂದು ಭಾಗ. ಅಲ್ಪವೆಂದು ತೋರಬಹುದು. ಆದರೆ ಆಟದ ನಾಯಕನು ಒಂದು ಚಿತ್ರಕ್ಕೆ ೨ ಬಿಂದುಗಳಂತೆ ಓಡುತ್ತಿದ್ದರೆ ಅಷ್ಟರಲ್ಲಿ ೧೨ ಬಿಂದು ಮುಂದೆ ಹೋಗಿರುತ್ತಾನೆ. ಗೇಮ್ ಬಾಯಿಯ ದೃಶ್ಯವೆಲ್ಲ ೮ ಬಿಂದು ಅಗಲದ ಹಾಸುಗಲ್ಲುಗಳಿಂದ ಕಟ್ಟಿದ್ದು. ಅಂದರೆ, ಅಂಚಿನಲ್ಲಿ ನೆಗೆಯಬೇಕೆಂದು ನೀವು ಗುಂಡಿ ಒತ್ತಿದಾಗ ಅವನು ಒಂದೂವರೆ ಕಲ್ಲು ದಾಟಿ ಹಳ್ಳದೊಳಗಿರುತ್ತಾನೆ. ತಪ್ಪು ನಿಮ್ಮದಲ್ಲ, ಯಂತ್ರದ್ದು. ಹಳೆಯ ಆಟಗಳು ಕಠಿಣವೆಂಬ ಅಪಖ್ಯಾತಿಯಲ್ಲಿ ಒಂದಂಶ ಇಂಥ ತಡಯಂತ್ರಗಳ ಕೊಡುಗೆಯಾಗಿರಲೂಬಹುದು. ಸಾಧ್ಯವಾದರೆ ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು, ಪರಿಚಿತವಾದ ಒಂದು ಆಟವನ್ನು ಆಡಿ ನೋಡಬೇಕು.

“ಹೆಚ್ಚು ಶಕ್ತಿಯ ಸಂಸ್ಕಾರಕವಿದ್ದರೆ ಎಲ್ಲವೂ ಸರಿಯಾಗುವುದಿಲ್ಲವೇ?” ಎಂದು ಕೆಲವರು ಕೇಳಬಹುದು. ಗೇಮ್ ಬಾಯಿಯ ಕಥೆಯೇ ಇದಕ್ಕೆ ಉತ್ತರ. ಗುನ್‌ಪೈ ಯೊಕೊಯಿ ಅವರ ನೇತೃತ್ವದಲ್ಲಿ ಅದನ್ನು ರೂಪಿಸಿದವರು ಆ ಕಾಲದ ಅತ್ಯಾಧುನಿಕ ಭಾಗಗಳನ್ನು ಬೇಕೆಂದೇ ಬಿಟ್ಟು, ಚೆನ್ನಾಗಿ ಪಳಗಿದ, ಅಗ್ಗದ ಭಾಗಗಳನ್ನು ಆರಿಸಿಕೊಂಡರು. ಬಣ್ಣವಿಲ್ಲ, ೪ ಛಾಯೆಗಳು ಮಾತ್ರ. ಸಂಸ್ಕಾರಕದ ವೇಗ ಸುಮಾರು ೪.೨ ಮೆಗಾಹರ್ಟ್ಸ್, ಕಾರ್ಯಸ್ಮೃತಿ ೮ ಕಿಲೋಬೈಟ್. ಬಣ್ಣದ ತೆರೆಯ ‘ಅಟಾರಿ ಲಿಂಕ್ಸ್’ (೧೯೮೯), ‘ಸೆಗಾ ಗೇಮ್ ಗೇರ್’ (೧೯೯೦) ಯಂತ್ರಗಳು ೬ ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ಬರಿದುಮಾಡುತ್ತಿದ್ದರೆ, ಇದು ೪ ಬ್ಯಾಟರಿಗಳಿಂದ ಅವುಗಳಿಗಿಂತ ಎಷ್ಟೋ ಹೆಚ್ಚು ಹೊತ್ತು ನಡೆಯುತ್ತಿತ್ತು. ಕೊನೆಗೆ ಗೆದ್ದದ್ದೂ ಇದೇ. ತನ್ನ ಬಣ್ಣದ ಆವೃತ್ತಿಯೂ ಸೇರಿ ಗೇಮ್ ಬಾಯ್ ೧೧ ಕೋಟಿಗೂ ಮೀರಿ ಮಾರಾಟವಾಯಿತು. ಇಂಥ ಯಂತ್ರವನ್ನು ಅನುಕರಿಸಲು ಇಂದು ಸಾಧಾರಣ ಚಿಪ್ಪು ಸಾಕು. ಆಡದಿರುವ ಆಟಗಳ ಶಕ್ತಿಗಾಗಿ ಹಣ ತೆರುವುದು ಜಾಣತನವಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಮೊದಲು ಅದರಲ್ಲಿಯೇ ಎಮ್ಯುಲೇಟರ್ ಹಾಕಿ ಪರೀಕ್ಷಿಸಿ ನೋಡಬಹುದು. ಗಾಜಿನ ತೆರೆಯಲ್ಲಿ ಗುಂಡಿಯ ಸ್ಪರ್ಶವಿಲ್ಲವೆಂಬ ಕೊರತೆ ನಿಜವಾಗಿ ಕಾಡಿದಾಗ ಯಂತ್ರದ ಯೋಚನೆ ಮಾಡಿದರೆ ಸಾಕು.

ಚಿಕ್ಕ ವಿಷಯಗಳೂ ಗಮನಾರ್ಹ. ಬ್ಯಾಟರಿಯನ್ನು ತೆಗೆದು ಬದಲಾಯಿಸಲು ಬರುವ ಯಂತ್ರ ಹೆಚ್ಚು ಕಾಲ ಬಾಳುತ್ತದೆ. ಕೆಲವು ಅಗ್ಗದ ಯಂತ್ರಗಳಿಗೆ ಎರಡು ತುದಿಯಲ್ಲಿಯೂ ‘ಟೈಪ್-ಸಿ’ ಇರುವ ಕೇಬಲ್ ಜೋಡಿಸಿದರೆ ಚಾರ್ಜ್ ಆಗುವುದೇ ಇಲ್ಲ. ಯಂತ್ರದೊಳಗೆ ೫.೧ ಕಿಲೋಓಮ್ ರೋಧಕವನ್ನು ಕಂಡ ಮೇಲೆಯೇ ಆ ಬಗೆಯ ಚಾರ್ಜರು ವಿದ್ಯುತ್ತನ್ನು ಹರಿಯಬಿಡುತ್ತದೆ. ತಯಾರಕರು ಕೆಲವು ಪೈಸೆ ಉಳಿಸಲು ಆ ರೋಧಕವನ್ನೇ ಕೈಬಿಟ್ಟಿರುತ್ತಾರೆ. ಒಂದು ರೋಧಕವನ್ನು ಉಳಿಸಿದವರು ಇನ್ನೇನೇನು ಉಳಿಸಿದ್ದಾರೆಂದು ಶಂಕಿಸುವುದು ತಪ್ಪಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ: ಆ ಸಾವಿರಾರು ಆಟಗಳು ಯಾರವು? ಎಮ್ಯುಲೇಟರ್ ರಚಿಸುವುದು ತನ್ನಷ್ಟಕ್ಕೆ ಅಪರಾಧವಲ್ಲ. ಸೋನಿ ಸಂಸ್ಥೆಗೂ ಕನೆಕ್ಟಿಕ್ಸ್ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ, ಅದಕ್ಕಾಗಿ ಮೂಲ ಯಂತ್ರದ ತಂತ್ರಾಂಶವನ್ನು ಬಿಡಿಸಿ ಅಭ್ಯಸಿಸುವುದು ನ್ಯಾಯಯುತ ಬಳಕೆಯೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ೨೦೦೦ದಲ್ಲಿ ತೀರ್ಪಿತ್ತಿತು. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯೂ, ಕ್ರಮವಿಧಿಯ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಅದು ಕೆಟ್ಟುಹೋಗದಂತೆ ರಕ್ಷಣೆಗಾಗಿ ಒಂದು ನಕಲು ಮಾಡಿಕೊಳ್ಳಲು ಅವಕಾಶವಿತ್ತಿದೆ. ಆದರೆ ಕರ್ತೃವಿನ ಅನುಮತಿಯಿಲ್ಲದೆ ಸಾವಿರಾರು ಆಟಗಳನ್ನು ತುಂಬಿ ಮಾರುವುದಕ್ಕೆ ಇವೆರಡೂ ಆಧಾರವಾಗಲಾರವು.

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೨೦೧೦ಕ್ಕೆ ಮೊದಲು ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ನ್ಯಾಯವಾದ ಮಾರಾಟದಲ್ಲಿಲ್ಲ. ಒಡೆಯರು ಮಾರುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ. ಇಂಥ ಸ್ಥಿತಿಯಲ್ಲಿ ಪ್ರತಿಗಳನ್ನು ಕಾಪಾಡುತ್ತಿರುವ ಸಂಗ್ರಾಹಕರು ಒಂದು ಸಾಂಸ್ಕೃತಿಕ ಉಪಕಾರವನ್ನೇ ಮಾಡುತ್ತಿದ್ದಾರೆಂದು ನಾವು ಒಪ್ಪುತ್ತೇವೆ. ಆದರೆ ಸಂಖ್ಯೆಯ ಆಮಿಷವೊಡ್ಡುವ ವ್ಯಾಪಾರಿ ಆ ಸಂಗ್ರಾಹಕನಲ್ಲ. ಅವನ ಪಟ್ಟಿಯಲ್ಲಿ ಆಟದ ಹೆಸರು ಬದಲಾಗಿರುತ್ತದೆ, ರಚಿಸಿದವರ ಹೆಸರೂ ವರ್ಷವೂ ಅಳಿಸಿಹೋಗಿರುತ್ತವೆ. ಹಸ್ತಪ್ರತಿಯ ಕೊನೆಯಲ್ಲಿದ್ದ ಕವಿಯ ಅಂಕಿತವನ್ನು ಕತ್ತರಿಸಿ ಉಳಿದ ಗರಿಗಳನ್ನು ಮಾರುವವನನ್ನು ನಾವು ಗ್ರಂಥರಕ್ಷಕನೆಂದು ಕರೆಯುವೆವೇ?

ವಿದ್ಯಾರ್ಥಿಗಳಿಗೆ ನ್ಯಾಯವಾದ ದಾರಿಗಳು ಇಲ್ಲದಿಲ್ಲ. ಗೇಮ್ ಬಾಯಿಗಾಗಿ ಇಂದಿಗೂ ಹೊಸ ಆಟಗಳು ಹುಟ್ಟುತ್ತಿವೆ. ೨೦೧೭ರಲ್ಲಿ ಬಂದ ‘ತೊಬು ತೊಬು ಗರ್ಲ್’ ಎಂಬ ಆಟವನ್ನು ಅದರ ಕರ್ತೃಗಳು ಮೂಲಕ್ರಮವಿಧಿಯ ಸಹಿತ ಉಚಿತವಾಗಿ ಹಂಚಿದ್ದಾರೆ. ೨೦೧೯ರಲ್ಲಿ ಬಿಡುಗಡೆಯಾದ ‘ಜಿ.ಬಿ. ಸ್ಟುಡಿಯೋ’ ಎಂಬ ಉಚಿತ ಸಾಧನದಿಂದ, ಕ್ರಮವಿಧಿಯ ಭಾಷೆ ಬಾರದವರೂ ಗೇಮ್ ಬಾಯಿಯ ಆಟವನ್ನು ರಚಿಸಬಹುದು. ೧೬೦ ಬಿಂದುಗಳ ಅಗಲದಲ್ಲಿ, ೪ ಛಾಯೆಗಳಲ್ಲಿ ಒಂದು ಮರವನ್ನೋ ಮನೆಯನ್ನೋ ಮೂಡಿಸಲು ಯತ್ನಿಸಿದವನಿಗೆ ಆ ಹಳೆಯ ಕಲಾವಿದರ ಸಾಮರ್ಥ್ಯ ಮನದಟ್ಟಾಗುತ್ತದೆ.

ಆದುದರಿಂದ ಕೊಳ್ಳುವವರು ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ. ನನಗೆ ಬೇಕಾದ ಹಳೆಯ ಯಂತ್ರದ ಚಿತ್ರ ಈ ತೆರೆಯಲ್ಲಿ ಪೂರ್ಣಾಂಕದಿಂದ ಹಿಗ್ಗುವುದೇ? ಗುಂಡಿಗೂ ತೆರೆಗೂ ನಡುವೆ ತಡವಿದೆಯೇ? ಬ್ಯಾಟರಿಯನ್ನು ಬದಲಾಯಿಸಬಹುದೇ? ನನ್ನದೇ ಆಟಗಳನ್ನು ಇದಕ್ಕೆ ಹಾಕಿಕೊಳ್ಳಲು ಬರುವುದೇ? ಈ ನಾಲ್ಕಕ್ಕೂ ಸಮರ್ಪಕವಾದ ಉತ್ತರ ಕೊಡುವ ಯಂತ್ರದಲ್ಲಿ ಹತ್ತೇ ಆಟಗಳಿದ್ದರೂ ಅದು ಹತ್ತು ಸಾವಿರದ ಪೆಟ್ಟಿಗೆಗಿಂತ ಮೇಲು.