ಅಂಗಡಿಯಿಲ್ಲದ ಚಂದ್ರಲೋಕ



ಅಂಗಡಿ, ಹಣ, ಬೀಗ ಮೂರೂ ಇಲ್ಲದ ಊರು ಎಲ್ಲಾದರೂ ಇದ್ದೀತೇ ಎಂದು ಕೇಳಿದರೆ ನಮ್ಮಂಥ ವ್ಯಾಪಾರಸ್ಥರು ನಕ್ಕುಬಿಡುತ್ತೇವೆ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929-2018) ಅಂಥ ಒಂದು ಲೋಕವನ್ನೇ ಕಲ್ಪಿಸಿದರು. 1974ರಲ್ಲಿ ಪ್ರಕಟವಾದ ಆ ವಿಜ್ಞಾನ ಕಾದಂಬರಿಯ ಹೆಸರು ‘ದಿ ಡಿಸ್‌ಪೊಸೆಸ್ಡ್’, ಅಂದರೆ ಏನನ್ನೂ ಹೊಂದಿಲ್ಲದವರು. ನಮ್ಮ ಮೊಮ್ಮಗಳು ಅದನ್ನು ಓದಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನಕ್ಕಿಷ್ಟರಂತೆ ನನಗೆ ಕನ್ನಡದಲ್ಲಿ ಹೇಳಿದಳು.

ಉರಾಸ್ ಎಂಬುದು ಸಿರಿವಂತ ಗ್ರಹ. ಅದರ ಚಂದ್ರನೇ ಅನಾರೆಸ್. ಆಸ್ತಿ, ಸರಕಾರ ಎರಡನ್ನೂ ಒಲ್ಲದ ಜನ, ಓಡೋ ಎಂಬ ತಾಯಿಯ ಮಾತನ್ನು ನಂಬಿ, ಕಥೆ ನಡೆಯುವ ಕಾಲಕ್ಕೆ 150 ವರ್ಷಗಳಿಗೂ ಹಿಂದೆ ಅಲ್ಲಿಗೆ ಹೋಗಿ ನೆಲಸಿದರು. ಅಲ್ಲಿ ಗಾಳಿ ತೆಳು, ಚಳಿ ಹೆಚ್ಚು, ಮಳೆ ಕಡಿಮೆ, ಎಲ್ಲೆಲ್ಲೂ ಧೂಳು. ಹಸುವಿಲ್ಲ, ಕುದುರೆಯಿಲ್ಲ, ಹಕ್ಕಿಯಿಲ್ಲ. ಇಂಥಲ್ಲಿ ಒಬ್ಬರಿಗೊಬ್ಬರು ಆಗದಿದ್ದರೆ ಬದುಕೇ ಇಲ್ಲ. ಆದ್ದರಿಂದ ಊಟ ಸಾಮೂಹಿಕ ಭೋಜನಶಾಲೆಯಲ್ಲಿ, ಬಟ್ಟೆಬರೆ ಉಗ್ರಾಣದಲ್ಲಿ. ಬೇಕಾದಷ್ಟು ತೆಗೆದುಕೊಳ್ಳಬಹುದು, ಲೆಕ್ಕ ಕೇಳುವವರಿಲ್ಲ. ಅಲ್ಲಿಯ ಮಗು ‘ನನ್ನ ಕರವಸ್ತ್ರ’ ಎನ್ನುವುದಿಲ್ಲ, ‘ನಾನು ಬಳಸುವ ಕರವಸ್ತ್ರ’ ಎನ್ನುತ್ತದೆ!

ಮಮಕಾರವೇ ಪರಿಗ್ರಹದ ಬೇರು ಎಂದು ಕೇಳಿಕೊಂಡೇ ಬೆಳೆದ ನಮಗೆ ಈ ಮಾತು ಹೊಸದಲ್ಲ. ಆದರೆ ಲೇಖಕಿ ಇಷ್ಟಕ್ಕೇ ನಿಲ್ಲಿಸಲಿಲ್ಲ. ಆ ಚಂದ್ರನಿಗೆ ವರ್ಷಗಟ್ಟಲೆ ಬರಗಾಲ ತಂದರು. ಅಲ್ಲಿಂದ ಮುಂದಿನದು ನಮ್ಮವರು ಕೇಳಬೇಕಾದ ಕಥೆ.

ಒಂದು ರೈಲು ದಾರಿಯಲ್ಲಿ ದಿನಗಟ್ಟಲೆ ನಿಂತುಬಿಡುತ್ತದೆ. ಪ್ರಯಾಣಿಕರು ಹಸಿದು ಕುಳಿತಿದ್ದಾರೆ. ಪಕ್ಕದಲ್ಲೇ ಒಂದು ಚಿಕ್ಕ ಊರು, ಆ ಊರಿನವರ ಬಳಿ ಒಂದಿಷ್ಟು ಆಹಾರವೂ ಇದೆ. ಆದರೆ ಅವರು ಕೊಡುವುದಿಲ್ಲ. ಕೊಟ್ಟರೆ ತಮಗೇ ಸಾಲದೆಂಬ ಭಯ. ಆಸ್ತಿಯೆಂಬ ಪದವನ್ನೇ ಬೈಗುಳದಂತೆ ಕಂಡ ಜನ, ತಮ್ಮ ಪಾಲನ್ನು ಬಚ್ಚಿಟ್ಟುಕೊಂಡರು.

ಕಥಾನಾಯಕ ಶೆವೆಕ್ ಭೌತವಿಜ್ಞಾನಿ. ಬರಗಾಲದಲ್ಲಿ ಆತನಿಗೆ ಬಂದ ಕೆಲಸ ಪಡಿತರದ ಪಟ್ಟಿ ಬರೆಯುವುದು. ದುಡಿಯುವವನಿಗೆ ಪೂರ್ತಿ ಪಾಲು, ಕಾಯಿಲೆಯಿಂದ ದುಡಿಯಲಾರದವನಿಗೆ ಅರ್ಧ. ಅರ್ಧ ಪಾಲು ಉಂಡವನು ಚೇತರಿಸಿಕೊಳ್ಳುವುದು ಹೇಗೆ? ಲೆಕ್ಕದಲ್ಲಿ ತಪ್ಪಿಲ್ಲ, ಧಾನ್ಯ ಇದ್ದುದೇ ಅಷ್ಟು. ಆದರೂ ಯಾರು ಹಸಿಯಬೇಕೆಂದು ತನ್ನ ಕೈಯಾರೆ ಬರೆಯಲಾರದೆ ಆತ ಕೆಲಸ ಬಿಟ್ಟ. ತಾನು ಬಿಟ್ಟರೆ ಇನ್ನೊಬ್ಬ ಬರೆಯುತ್ತಾನೆಂಬುದೂ ಆತನಿಗೆ ಗೊತ್ತಿತ್ತು.

ಇನ್ನೊಂದು ಸಂಗತಿ. ಮಾರಾಟವನ್ನೇ ಒಲ್ಲದ ಈ ಚಂದ್ರನಿಗೆ ಉರಾಸ್‌ನಿಂದ ವರ್ಷಕ್ಕೆ ಎಂಟು ಬಾರಿ ಹಡಗು ಬರುತ್ತದೆ. ಅದಿರು ಒಯ್ದು, ಬದಲಿಗೆ ಎಣ್ಣೆ, ಯಂತ್ರದ ಬಿಡಿಭಾಗ ಕೊಡುತ್ತದೆ. ಆ ಹಡಗು ಇಳಿಯುವ ಜಾಗದ ಸುತ್ತ ಒಂದು ಗೋಡೆ. ವ್ಯಾಪಾರ ಹೋಗಲಿಲ್ಲ, ಗೋಡೆಯ ಆಚೆ ಕುಳಿತಿತು ಅಷ್ಟೇ.

ಹಾಗಾದರೆ ಅನಾರೆಸ್‌ನವರು ಸೋತರೇ? ನನಗೆ ಹಾಗೆ ಅನಿಸುವುದಿಲ್ಲ. ಆ ಬರಡು ನೆಲದಲ್ಲಿ, ಅಷ್ಟು ವರ್ಷದ ಬರದಲ್ಲಿಯೂ ಬಹುಪಾಲು ಜನ ಇದ್ದುದನ್ನು ಹಂಚಿಕೊಂಡೇ ಉಳಿದರು. ಉರಾಸ್‌ನಲ್ಲಾದರೋ ಸುಭಿಕ್ಷದ ನಡುವೆಯೇ ಬಡವರು ಹಸಿದಿದ್ದರು. ಆದರೆ ಕಪಾಟಿನ ಬೀಗ ತೆಗೆದ ಮಾತ್ರಕ್ಕೆ ಮನಸ್ಸಿನ ಬೀಗ ತೆರೆಯುವುದಿಲ್ಲ ಎಂಬುದನ್ನೂ ಲೇಖಕಿ ಮುಚ್ಚಿಡಲಿಲ್ಲ.

ನಮ್ಮ ಬಳಿ ಅಂಗಡಿಯಿದೆ, ತಕ್ಕಡಿಯಿದೆ, ಉದ್ರಿ ವಹಿಯಿದೆ. ಮಳೆ ಕೈಕೊಟ್ಟ ವರ್ಷ ಯಾರಿಗೆ ಉದ್ರಿ ಮುಂದುವರಿಸಬೇಕು, ಯಾರಿಗೆ ಇಲ್ಲವೆನ್ನಬೇಕು ಎಂದು ಗಲ್ಲೆಯ ಮೇಲೆ ಕುಳಿತು ನಾವು ನಿರ್ಧರಿಸುತ್ತೇವಲ್ಲ, ಅದೂ ಶೆವೆಕ್‌ನ ಪಟ್ಟಿಯೇ. ಆತನಂತೆ ಲೇಖನಿ ಕೆಳಗಿಟ್ಟು ಎದ್ದುಹೋಗಲು ನಮಗಾಗದು, ಮನೆ ನಡೆಯಬೇಕು. ಆದರೆ ಒಂದು ಹೆಸರಿನ ಮೇಲೆ ಗೆರೆ ಎಳೆಯುವ ಮೊದಲು, ಆ ಮನೆಯಲ್ಲಿ ಕಾಯಿಲೆಯವರಿದ್ದಾರೆಯೇ ಎಂದು ವಿಚಾರಿಸಬಹುದಲ್ಲವೇ?